ಒಂದೇ ಹಾಳೆ

ಸಣ್ಣವಳ ರೋಲು ಬಂದ ದಿನ ನನ್ನ ಗೋಡೆಯಲ್ಲಿ ಒಂದು ಪೈಪು ಖಾಲಿ ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಮೂರು ವಾರ ನಾನು ಜಾಗ ಇರಲಿಲ್ಲ ಎಂದೇ ಹೇಳಿಕೊಂಡು ಬಂದೆ, ನನಗೂ ಸೇರಿಸಿ.

ನಾನು ರಜಾಯಿ ಹೊಲಿಯುವವಳು. ಮಗಳು ಮದುವೆಯಾಗಿ ಹೋದ ಮೇಲೆ ಅವಳ ಕೋಣೆಯೇ ನನ್ನ ಹೊಲಿಗೆ ಕೋಣೆಯಾಯಿತು. ಕಿಟಕಿಯ ಪಕ್ಕ ಮೆಷಿನ್ನು, ನಡುವೆ ಕತ್ತರಿಸುವ ಮೇಜು, ಎದುರು ಗೋಡೆಗೆ ಐದು ಕಬ್ಬಿಣದ ಪೈಪು. ರಜಾಯಿಯ ಎರಡು ಬಟ್ಟೆಗಳ ನಡುವೆ ಇಡುವ ಹತ್ತಿ ಹಾಳೆ ದೊಡ್ಡ ರೋಲುಗಳಲ್ಲಿ ಬರುತ್ತದೆ. ತೂಕ ಅಷ್ಟಿಲ್ಲ, ಆದರೆ ಒಂದೊಂದೂ ಸುತ್ತಿಟ್ಟ ಹಾಸಿಗೆಯಷ್ಟು ದಪ್ಪ. ಒಳಗಿನ ರಟ್ಟಿನ ಕೊಳವೆಗೆ ಪೈಪು ತೂರಿಸಿ ಅವನ್ನು ಗೋಡೆಗೆ ನೇತುಹಾಕುತ್ತೇನೆ. ಧೂಳು ಕೂರದಂತೆ ಹಳೆಯ ಬೆಡ್‌ಶೀಟು ಸುತ್ತಿ, ಪಿನ್ನು ಹಾಕಿ ಒಂದು ಚೀಟಿ ಚುಚ್ಚುತ್ತೇನೆ: ಯಾವ ಹತ್ತಿ, ಎಷ್ಟು ಅಗಲ, ಎಷ್ಟು ಉಳಿದಿದೆ. ರೋಲನ್ನು ನೆಲಕ್ಕೆ ನಿಲ್ಲಿಸಬಾರದು, ಬುಡ ಕುಸಿಯುತ್ತದೆ. ಅದರ ಮೇಲೆ ಏನನ್ನೂ ಪೇರಿಸಬಾರದು. ಭಾರ ಬಿದ್ದು ಚಪ್ಪಟೆಯಾದ ಹತ್ತಿ ಬಿಸಿಲಿಗೆ ಹಾಕಿ ಬಡಿದರೂ ಮೊದಲಿನ ಹಾಗೆ ಏಳುವುದಿಲ್ಲ.

ಇದನ್ನೆಲ್ಲ ಸಣ್ಣವಳಿಗೆ ಗಿಣಿಗೆ ಹೇಳಿದ ಹಾಗೆ ಹೇಳಿಕೊಟ್ಟವಳೂ ನಾನೇ.

ಸಣ್ಣವಳು ಎಂದರೆ ನನ್ನ ಓರಗಿತ್ತಿ, ನನ್ನ ಮೈದುನನ ಹೆಂಡತಿ. ನಮ್ಮ ಮನೆತನಕ್ಕೆ ಬಂದಾಗ ಇಪ್ಪತ್ತೊಂದು ವರ್ಷ. ಈಗ ನಲವತ್ತಮೂರು, ಕನ್ನಡಕ ಬಂದಿದೆ, ಮಂಡಿ ನೋವು ಬಂದಿದೆ, ಆದರೂ ಎಲ್ಲರ ಬಾಯಲ್ಲೂ ಸಣ್ಣವಳೇ. ಎರಡು ಬೀದಿ ಆಚೆ ಮನೆ. ಏಳು ವರ್ಷದ ಹಿಂದೆ, ಹೊತ್ತು ಹೋಗಲ್ಲ ಅಕ್ಕ, ಏನಾದರೂ ಕಲಿಸಿ ಎಂದು ಬಂದು ನನ್ನ ಮೇಜಿನ ಪಕ್ಕ ಕೂತಳು. ಮೊದಲ ತಿಂಗಳು ಬಟ್ಟೆಗಿಂತ ಹೆಚ್ಚು ಬೆರಳನ್ನೇ ಚುಚ್ಚಿಕೊಂಡಳು. ಈಗ ಅವಳ ಕೈಹೊಲಿಗೆ ನನ್ನದಕ್ಕಿಂತ ಸಣ್ಣ, ನನ್ನದಕ್ಕಿಂತ ನೇರ. ಮನೆಗೆ ಬಂದವರು ಇಬ್ಬರ ಕೆಲಸವನ್ನೂ ಪಕ್ಕಪಕ್ಕ ನೋಡಿ, "ಗುರುವನ್ನೇ ಮೀರಿಸಿಬಿಟ್ಟಳಲ್ಲ" ಎನ್ನುತ್ತಾರೆ. ನಾನೂ ಜೊತೆಗೆ ನಗುತ್ತೇನೆ. ಬೇರೆ ಏನು ಮಾಡಲಿ?

ಆ ದಿನ ಮೈದುನ ರೋಲನ್ನು ಹೆಗಲ ಮೇಲೆ ಹೊತ್ತು ತಂದು ಮೇಜಿನ ಮೇಲೆ ಮಲಗಿಸಿ ಹೋದ. ಸಣ್ಣವಳು ಹಿಂದೆ ನಿಂತಿದ್ದಳು.

"ನಮ್ಮನೆ ಗೋಡೆ ಒಸರ್ತಿದೆ ಅಕ್ಕ. ಇದಕ್ಕೆ ತೇವ ತಗುಲಿದ್ರೆ ಕೆಟ್ಟೇ ಹೋಗುತ್ತೆ. ಕೈಯಲ್ಲಿರೋ ಕೆಲಸ ಮುಗಿಯೋದಕ್ಕೆ ಮೂರು ವಾರ ಬೇಕು, ಅಲ್ಲಿವರೆಗೂ ನಿಮ್ಮ ಹತ್ರ ಇಟ್ಕೊಳ್ತೀರಾ?"

ನಾನು ಮುಚ್ಚಿದ ಬಟ್ಟೆ ಸರಿಸಿ ಬೆರಳಲ್ಲಿ ಒತ್ತಿ ನೋಡಿದೆ. ಒಳ್ಳೆಯ ಹತ್ತಿ. ನಾನು ತರಿಸುವುದಕ್ಕಿಂತ ಒಳ್ಳೆಯದು.

"ಯಾರ ಆರ್ಡರು?"

"ಆರ್ಡರಲ್ಲ ಅಕ್ಕ. ನಿಮ್ಮ ಮಗಳ ಮಗೂಗೆ. ಅವಳು ಕೇಳಿದ್ಲಲ್ಲ. ಪುಟ್ಟ ರಜಾಯಿಗೆ ಇಷ್ಟು ಬೇಕಾಗಿರಲಿಲ್ಲ, ಅಂಗಡಿಯವನು ಇದನ್ನ ಕತ್ತರಿಸಿ ಕೊಡಲ್ಲ ಅಂದ." ನನ್ನ ಮುಖ ನೋಡಿದಳು. "ಹೇಳಿದಾಳೆ ತಾನೇ ನಿಮಗೆ?"

"ಹೇಳಿದ್ಲು, ಹೇಳಿದ್ಲು" ಎಂದೆ.

ಹೇಳಿರಲಿಲ್ಲ. ಬೇರೆ ಊರಲ್ಲಿರುವ ನನ್ನ ಮಗಳು ವಾರಕ್ಕೆ ನಾಲ್ಕು ಸಲ ಫೋನ್ ಮಾಡುತ್ತಾಳೆ, ಏಳು ತಿಂಗಳ ಹೊಟ್ಟೆಯ ಒಂದೊಂದು ಒದೆತವನ್ನೂ ವರದಿ ಒಪ್ಪಿಸುತ್ತಾಳೆ, ಇದನ್ನು ಮಾತ್ರ ಹೇಳಿರಲಿಲ್ಲ. ಅವಳು ಸುದ್ದಿ ತಿಳಿಸಿದ ದಿನವೇ ನಾನು ಟ್ರಂಕಿನಿಂದ ಒಂದು ಹಳದಿ ಬಟ್ಟೆ ತೆಗೆದು ಒಗೆದು ಮಡಿಸಿಟ್ಟಿದ್ದೆ. ಅವಳು ಕೇಳಲಿ ಎಂದು ಕಾಯುತ್ತಿದ್ದೆ. ಕೇಳದೆ ಇದ್ದರೂ ಅದು ನನ್ನ ಕೆಲಸವೇ ಎಂದುಕೊಂಡಿದ್ದೆ. ಹೊಲಿಯುವ ಅಜ್ಜಿ ಇರುವ ಮಗುವಿಗೆ ರಜಾಯಿ ಇನ್ನೆಲ್ಲಿಂದ ಬರಬೇಕು?

ಸಣ್ಣವಳು ಹೋದ ಮೇಲೆ ರೋಲನ್ನು ಎತ್ತಿದೆ. ಮೂರನೆಯ ಪೈಪು ಖಾಲಿ ಇತ್ತು, ಅಳತೆ ಟೇಪೊಂದು ಬಿಟ್ಟರೆ ಅದರ ಮೇಲೆ ಏನೂ ಇರಲಿಲ್ಲ. ನಾನು ರೋಲನ್ನು ಒಯ್ದು ಮೂಲೆಯ ಕಬ್ಬಿಣದ ರ‍್ಯಾಕಿನ ಕೆಳಗಿನ ಹಲಗೆಯಲ್ಲಿ ಮಲಗಿಸಿದೆ. ಪರದೆ ಬಟ್ಟೆಯ ಎರಡು ಥಾನು ನೆಲದ ಮೇಲಿದ್ದವು, ಅವನ್ನು ಎತ್ತಿ ರೋಲಿನ ಮೇಲಿಟ್ಟೆ. ಕಸ ಗುಡಿಸಲು ಅಡ್ಡ ಎಂದು ಹೇಳಿಕೊಂಡೆ. ಸ್ವಲ್ಪ ಹೊತ್ತು ಬಿಟ್ಟು ಹಳೆಯ ಕೈಮೆಷಿನ್ನನ್ನೂ ಅದರ ಮೇಲೆ ಏರಿಸಿದೆ. ಅದಕ್ಕೆ ಹೇಳಿಕೊಳ್ಳಲು ಏನೂ ಸಿಗಲಿಲ್ಲ. ಕೊನೆಗೆ, ಕೈ ಸುಮ್ಮನಿರದೆ, ಚೀಟಿ ಬರೆದು ಚುಚ್ಚಿದೆ: ಸಣ್ಣವಳದು. ಪೂರ್ತಿ ರೋಲು.

ನಮ್ಮವರು ಕತ್ತರಿ ಹುಡುಕಿಕೊಂಡು ಬಂದವರು ನೋಡಿದರು.

"ಅದನ್ನ ಯಾಕೆ ಅಲ್ಲಿ ತುರುಕಿದೀಯ? ಮೇಲೆ ಪೈಪು ಖಾಲಿ ಇದೆಯಲ್ಲ."

"ಅದು ನನಗೆ ಬೇಕು. ಗೆಸ್ಟ್‌ಹೌಸ್ ಆರ್ಡರಿಗೆ ಇನ್ನೊಂದು ರೋಲು ಬರುತ್ತೆ."

ಆ ಆರ್ಡರಿನ ರೋಲು ಆಗಲೇ ಬಂದು ಎರಡನೆಯ ಪೈಪಿನಲ್ಲಿ ಕೂತಿತ್ತು. ಹನ್ನೆರಡು ರಜಾಯಿಗೆ ಸರಿಯಾಗಿ ಅಳೆದು ತರಿಸಿದ್ದು, ಇನ್ನೂ ಬಿಚ್ಚಿರಲಿಲ್ಲ.

"ಸರಿ ತಾಯಿ" ಎಂದರು. "ಈ ಕೋಣೇಲಿ ಜಾಸ್ತಿ ಹೊತ್ತು ನಿಂತರೆ ನನ್ನನ್ನೂ ಸುತ್ತಿ ಚೀಟಿ ಚುಚ್ಚಿಬಿಡ್ತೀಯ."

ಆ ಮೂರು ವಾರ ನನ್ನ ಹೊಟ್ಟೆಯೊಳಗೆ ಒಂದು ಸಣ್ಣ ಒಲೆ ಉರಿಯುತ್ತಲೇ ಇತ್ತು. ಮೆಷಿನ್ನಿನ ಮುಂದೆ ಕೂತರೆ ರ‍್ಯಾಕು ಬೆನ್ನ ಹಿಂದೆ ಬರುತ್ತದೆ. ಆದರೂ ಯಾರೋ ನೋಡುತ್ತಿದ್ದಾರೆ ಎನ್ನುವ ಹಾಗೆ ತಿರುಗಿ ತಿರುಗಿ ನೋಡುತ್ತಿದ್ದೆ. ದಿನದಿಂದ ದಿನಕ್ಕೆ ಕೈಮೆಷಿನ್ನು ಕೆಳಕ್ಕೆ ಇಳಿಯುತ್ತಿತ್ತು. ಸಣ್ಣವಳ ಬೆರಳು, ಸಣ್ಣವಳ ಹೊಲಿಗೆ, ಅದರ ಕೆಳಗೆ ನನ್ನ ಮೊಮ್ಮಗು. ಯಾರು ಹೊಲಿದದ್ದು ಎಂದು ಕೇಳಿದವರಿಗೆಲ್ಲ ನನ್ನ ಮಗಳು "ನಮ್ಮ ಚಿಕ್ಕಮ್ಮ" ಎನ್ನುತ್ತಾಳೆ. ಅದನ್ನು ಅವಳದೇ ದನಿಯಲ್ಲಿ ಮನಸ್ಸಿನೊಳಗೆ ಎಷ್ಟು ಸಲ ಕೇಳಿಸಿಕೊಂಡೆನೋ.

ಮಗಳು ಫೋನ್ ಮಾಡಿದಾಗಲೆಲ್ಲ ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಿವಿ ಆನಿಸಿ ಕೂತೆ.

"ಚಿಕ್ಕಮ್ಮ ಹೇಗಿದಾಳಮ್ಮ?"

"ಅವಳಿಗೇನು, ಗುಂಡುಕಲ್ಲಿನ ಹಾಗಿದಾಳೆ."

"ಏನಾದ್ರೂ ಹೊಲಿತಿದಾಳಾ?"

"ನಂಗೇನು ಗೊತ್ತು? ನಾನೇನು ಅವಳ ಮನೇಲಿ ಕೂತಿರ್ತೀನಾ?"

ಆಮೇಲೆ ಅವಳು ಡಾಕ್ಟರ ಮಾತಿಗೆ ಹೋದಳು. ನಾನೂ ಕೇಳಲಿಲ್ಲ. ನಾನು ಕೇಳಿ ಅವಳು ಹೇಳಿದರೆ ಅದು ಅವಳಾಗಿ ಹೇಳಿದ ಹಾಗೆ ಆಗುವುದಿಲ್ಲ.

ಶನಿವಾರ ಬರುತ್ತೇನೆ ಎಂದಿದ್ದಳು ಸಣ್ಣವಳು. ಶುಕ್ರವಾರವೇ ರೋಲನ್ನು ತೆಗೆದು ಪೈಪಿಗೆ ಹಾಕಿಡಬೇಕು ಎಂದುಕೊಂಡಿದ್ದೆ. ಅವಳು ಶುಕ್ರವಾರ ಮಧ್ಯಾಹ್ನವೇ ಚಪ್ಪಲಿ ಬಿಟ್ಟು ಒಳಗೆ ಬಂದಳು. ಮೊದಲು ಗೋಡೆಯ ಕಡೆ ನೋಡಿದಳು. ಖಾಲಿ ಪೈಪು. ಅದರ ಮೇಲೆ ಟೇಪು.

"ಎಲ್ಲಿಟ್ಟಿದೀರಿ ಅಕ್ಕ?"

"ಜಾಗ ಇರಲಿಲ್ಲ" ಎಂದೆ. ಅವಳು ಜಾಗದ ಮಾತನ್ನೇ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಅವಳು ರ‍್ಯಾಕಿನ ಮುಂದೆ ಮಂಡಿಯೂರಿ ಕೂತಳು. ಕೈಮೆಷಿನ್ನನ್ನು ಇಬ್ಬರೂ ಹಿಡಿದು ಇಳಿಸಿದೆವು. ಥಾನುಗಳನ್ನು ಅವಳೊಬ್ಬಳೇ ಎಳೆದು ಹಾಕಿದಳು. ರೋಲು ದುಂಡಗೆ ಉಳಿದಿರಲಿಲ್ಲ. ನಡುವಿನ ರಟ್ಟಿನ ಕೊಳವೆಯೂ ಒಪ್ಪಚ್ಚಿಯಾಗಿತ್ತು. ಮೇಜಿನ ಮೇಲೆ ಹಾಕಿ ಬಿಚ್ಚುತ್ತಾ ಹೋದಳು. ಪ್ರತಿ ಸುತ್ತಿಗೂ ಎರಡು ಗೆರೆ, ಮಡಚಿದ ರಟ್ಟಿನ ಗೆರೆಯಂಥವು, ನಡುವೆ ಹತ್ತಿ ಕಾಗದದಷ್ಟು ತೆಳ್ಳಗೆ. ಕೊನೆಯವರೆಗೂ ಬಿಚ್ಚಿದಳು. ಎಲ್ಲೂ ಒಂದು ಗಜ ಸರಿಯಾದ ಹಾಳೆ ಇರಲಿಲ್ಲ. ಅಂಗೈಯಲ್ಲಿ ಸವರಿ, ಕೈ ತೆಗೆದು, ಚೀಟಿಯನ್ನು ಕಿತ್ತು ಓದಿದಳು.

"ಅಕ್ಕ, ನಿಮ್ಮ ಕೋಣೇಲಿ ಗುಂಡುಸೂಜಿ ಕೂಡ ತನ್ನ ಜಾಗ ಬಿಟ್ಟು ಅಲ್ಲಾಡಲ್ಲ. ನನ್ನ ರೋಲು ತಾನಾಗೇ ಹೋಗಿ ಮೆಷಿನ್ ಕೆಳಗೆ ಮಲಗಿತಾ?"

ನಾನು ನೆಲದ ಮೇಲಿದ್ದ ಥಾನುಗಳನ್ನು ಎತ್ತಿ ಗೋಡೆಗೆ ಒರಗಿಸಿದೆ.

"ಬೇಕು ಅಂತಲೇ ಇಟ್ರಾ?"

"ಹೂಂ."

ಅಷ್ಟು ಬೇಗ ಒಪ್ಪಿಕೊಳ್ಳುತ್ತೇನೆ ಎಂದು ಅವಳೂ ಅಂದುಕೊಂಡಿರಲಿಲ್ಲ, ನಾನೂ ಅಂದುಕೊಂಡಿರಲಿಲ್ಲ. ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು.

"ಚೀಟಿ ಚುಚ್ಚಿ ಕುತ್ತಿಗೆ ಹಿಸುಕಿದೀರಿ" ಎಂದಳು. ಅರ್ಧ ತಮಾಷೆ, ಅರ್ಧ ಅಳು.

"ಅವಳು ನನ್ನನ್ನ ಯಾಕೆ ಕೇಳಲಿಲ್ಲ?" ಎಂದೆ. ನನ್ನ ದನಿ ನನಗೇ ಸಣ್ಣ ಮಕ್ಕಳ ದನಿಯ ಹಾಗೆ ಕೇಳಿಸಿತು.

"ಕೇಳಿದ್ರೆ ಹೊಲಿತಿದ್ರಿ. ಆರ್ಡರೆಲ್ಲ ಮುಗಿದ ಮೇಲೆ. ಮಗು ಶಾಲೆಗೆ ಸೇರೋ ಹೊತ್ತಿಗೆ."

"ಹಾಗಂದಳಾ ಅವಳು?"

"ನಾನಂದೆ. ಅವಳು ನಕ್ಕಳು." ಬಿಚ್ಚಿದ ಹಾಳೆಯನ್ನು ಮತ್ತೆ ಸುತ್ತತೊಡಗಿದಳು. "ಅವಳು ಒಂದೇ ಮಾತು ಹೇಳಿದ್ದು ಅಕ್ಕ. ಬಣ್ಣ ಯಾವುದಾದ್ರೂ ಇರಲಿ, ಚಿತ್ತಾರ ಇಲ್ಲದಿದ್ರೂ ಪರವಾಗಿಲ್ಲ, ಹತ್ತಿ ಮಾತ್ರ ಒಂದೇ ಹಾಳೆ ಇರಲಿ ಚಿಕ್ಕಮ್ಮ, ತುಂಡು ಸೇರಿಸ್ಬೇಡ ಅಂದ್ಲು."

ನಾನು ಕುರ್ಚಿಯ ಮೇಲೆ ಕೂತೆ.

ಮಗಳು ಚಿಕ್ಕವಳಿದ್ದಾಗ ನನಗೆ ಆಗತಾನೆ ಆರ್ಡರುಗಳು ಬರಲು ಶುರುವಾಗಿದ್ದವು. ಗಿರಾಕಿಗಳ ರಜಾಯಿಗೆ ಹತ್ತಿ ಕತ್ತರಿಸಿದಾಗ ಅಂಚಿನಲ್ಲಿ ಪಟ್ಟಿ ಪಟ್ಟಿಯಾಗಿ ಉಳಿಯುತ್ತದೆ. ಅಂಥ ತುಂಡುಗಳನ್ನು ಚೀಲದಲ್ಲಿ ತುಂಬಿಟ್ಟು, ಅಂಚಿಗೆ ಅಂಚು ಸೇರಿಸಿ ಹೊಲಿದು ಮಗಳಿಗೆ ರಜಾಯಿ ಮಾಡಿದ್ದೆ. ಮೇಲಿಂದ ನೋಡಿದರೆ ಚೆಂದವೇ. ನಾಲ್ಕು ಸಲ ಒಗೆಯುವುದರೊಳಗೆ ಒಳಗಿನ ಜೋಡಣೆ ಬಿಟ್ಟುಕೊಂಡು, ತುಂಡು ತುಂಡುಗಳ ನಡುವೆ ಬರೀ ಬಟ್ಟೆಯ ಸಾಲು ಉಳಿಯಿತು. ಅವಳು ಬೆರಳಿಟ್ಟು ಆ ಸಾಲನ್ನು ತೋರಿಸುತ್ತಿದ್ದಳು. ಅಮ್ಮ, ಇಲ್ಲಿಂದ ಚಳಿ ಬರುತ್ತೆ. ಇಗೋ, ಇಲ್ಲಿಂದ. ಈ ಆರ್ಡರ್ ಒಂದು ಮುಗೀಲಿ ಪುಟ್ಟ, ಹೊಸದು ಹೊಲಿತೀನಿ ಎನ್ನುತ್ತಿದ್ದೆ. ಒಂದು ಆರ್ಡರ್ ಮುಗಿದರೆ ಇನ್ನೊಂದು ಬರುತ್ತಿತ್ತು. ಆಮೇಲಾಮೇಲೆ ಅವಳು ಅದನ್ನು ಎರಡು ಮಡಿಕೆ ಮಾಡಿ ಕಾಲು ಮಡಚಿ ಮಲಗುವುದನ್ನು ಕಲಿತಳು. ಕೇಳುವುದನ್ನು ಬಿಟ್ಟಳು. ಮದುವೆಯಾಗಿ ಹೋಗುವವರೆಗೂ, ಇದೇ ಕೋಣೆಯಲ್ಲಿ, ಅದೇ ರಜಾಯಿ.

ಸಣ್ಣವಳು ಕಾಯುತ್ತಾ ನಿಂತಿದ್ದಳು. ಬೈಯಲು ಕಾಯುತ್ತಿದ್ದಳೋ, ನಾನು ಏನಾದರೂ ಹೇಳಲಿ ಎಂದು ಕಾಯುತ್ತಿದ್ದಳೋ ತಿಳಿಯಲಿಲ್ಲ.

ನಾನು ಎದ್ದು ಎರಡನೆಯ ಪೈಪಿನಿಂದ ಗೆಸ್ಟ್‌ಹೌಸಿನ ರೋಲನ್ನು ಇಳಿಸಿದೆ.

"ಅದು ಆರ್ಡರಿನದ್ದಲ್ವಾ ಅಕ್ಕ?"

"ಹಿಡ್ಕೋ ಆ ಕಡೆ."

ಮೇಜಿನ ಮೇಲೆ ಬಿಚ್ಚಿದೆವು. ಒಂದು ಗೆರೆಯಿಲ್ಲ, ಉಬ್ಬಿಕೊಂಡ ಹತ್ತಿ. ಅವಳು ಅಳತೆ ಹೇಳಿದಳು, ಸುತ್ತಲೂ ನಾಲ್ಕು ಬೆರಳು ಹೆಚ್ಚಿಗೆ ಬಿಟ್ಟು ನಾನು ಕತ್ತರಿಸಿದೆ. ಅಂಚಿನಿಂದಲ್ಲ, ನಡುವಿನಿಂದಲೇ ಕತ್ತರಿಸಿದೆ. ಅವಳು ಆ ಹಾಳೆಯನ್ನು ಮಡಚದೆ ಸಡಿಲವಾಗಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ತೋಳಲ್ಲಿ ಹಿಡಿದಳು. ನನ್ನ ಒಲೆಗೆ ಮತ್ತೆ ಒಂದು ಕಡ್ಡಿ ಬಿತ್ತು.

"ಅಂಚಿನ ಹೊಲಿಗೆ ನಾನು ಹಾಕ್ಲಾ?" ಎಂದೆ. "ಒಂದು ಬದಿ ಮಾತ್ರ."

"ಬೇಡ ಅಕ್ಕ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. "ಅವಳು ನನ್ನನ್ನ ಕೇಳಿದ್ದು. ಪೂರ್ತಿ ನಾನೇ ಹೊಲಿತೀನಿ."

"ನಿನ್ನ ರೋಲು ಹಾಳಾಯ್ತಲ್ಲ."

"ಇಟ್ಕೊಳ್ಳಿ. ಬಿಸಿ ಪಾತ್ರೆ ಹಿಡಿಯೋ ಬಟ್ಟೆ ಹೊಲಿರಿ. ಒಂದು ನೂರಾದ್ರೂ ಆಗುತ್ತೆ. ಅರ್ಧ ನನಗೆ ಕೊಡಿ." ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ ನಿಂತಳು. "ಮಗಳಿಗೆ ಹೇಳಲ್ಲ, ಬಿಡಿ."

"ಹೇಳು" ಎಂದೆ. "ಇಲ್ಲದಿದ್ದರೆ ನಾನೇ ಹೇಳ್ತೀನಿ."

ಅವಳು ಹೋದ ಮೇಲೆ ಹಾಳಾದ ರೋಲನ್ನು ಮೂರನೆಯ ಪೈಪಿಗೆ ಹಾಕಲು ನೋಡಿದೆ. ಚಪ್ಪಟೆಯಾದ ಕೊಳವೆಯೊಳಗೆ ಪೈಪು ತೂರಲಿಲ್ಲ. ಅದನ್ನು ಕುರ್ಚಿಗೆ ಆನಿಸಿಟ್ಟು, ಟ್ರಂಕಿನಿಂದ ಹಳದಿ ಬಟ್ಟೆ ತೆಗೆದೆ. ಮಗುವಿಗೆಂದು ಅಳೆದಿಟ್ಟದ್ದು. ಮಗಳ ರಜಾಯಿಗಾದರೆ ಪಕ್ಕಕ್ಕೆ ಇನ್ನೊಂದು ಬಟ್ಟೆ ಸೇರಿಸಬೇಕಾಗುತ್ತದೆ. ಬಟ್ಟೆಗೆ ಜೋಡಣೆ ಇದ್ದರೆ ಚಳಿ ಬರುವುದಿಲ್ಲ. ಅವಳ ಎತ್ತರ ನನಗೆ ಗೊತ್ತು, ಕಾಲು ಚಾಚಿ ಮಲಗಿದರೆ ಎಷ್ಟು ಬೇಕೆನ್ನುವುದು ಗೊತ್ತಿಲ್ಲ. ಅವಳು ಹಾಗೆ ಮಲಗಿದ್ದನ್ನು ನಾನು ನೋಡಿಲ್ಲ. ಒಂದು ಗೇಣು ಹೆಚ್ಚಿಗೆ ಹಿಡಿದು ಗೆಸ್ಟ್‌ಹೌಸಿನ ರೋಲಿನಿಂದ ಇನ್ನೊಂದು ಹಾಳೆ ಕತ್ತರಿಸಿದೆ. ಒಂದೇ ಹಾಳೆ.

ಆಮೇಲೆ ಗೆಸ್ಟ್‌ಹೌಸಿನ ಯಜಮಾನಿತಿಗೆ ಫೋನ್ ಮಾಡಿ, ಎರಡು ರಜಾಯಿ ತಡವಾಗುತ್ತದೆ ಎಂದೆ. ಎಷ್ಟು ತಡ ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಇಷ್ಟು ವರ್ಷದಲ್ಲಿ ಯಾವ ಗಿರಾಕಿಗೂ ನಾನು ಹಾಗೆ ಹೇಳಿದವಳಲ್ಲ.

ಫೋನ್ ಇಡುವ ಮೊದಲು ಸಣ್ಣವಳಿಗೂ ಒಂದು ಕರೆ ಮಾಡಿದೆ. ದಾರ ಕೊಳ್ಳಲು ಅಂಗಡಿಗೆ ಹೋಗಿ ಅವಳು ಇನ್ನೂ ದಾರಿಯಲ್ಲಿದ್ದಳು, ಏದುಸಿರು ಕೇಳಿಸುತ್ತಿತ್ತು.

"ಯಾವಾಗ ಮುಗಿಸ್ತೀಯ?" ಎಂದೆ.

"ಬರೋ ತಿಂಗಳು ಹತ್ತನೇ ತಾರೀಖಿಗೆ. ಯಾಕಕ್ಕ?"

"ಸುಮ್ಮನೆ ಕೇಳಿದೆ."

ಕ್ಯಾಲೆಂಡರಿನಲ್ಲಿ ಒಂಬತ್ತಕ್ಕೆ ಗುರುತು ಹಾಕಿ, ಮೆಷಿನ್ನಿಗೆ ಹಳದಿ ದಾರ ಪೋಣಿಸಿದೆ.