ಮಡಿಸಿದ ಮೂಲೆ

"ಇದರಲ್ಲಿ ಒಂದು ಹಾಳೆಯ ಮೂಲೆ ಮಡಿಸಿತ್ತಲ್ಲಮ್ಮ, ಎಲ್ಲಿ ಹೋಯ್ತು?" ಎಂದರು ಹಲೋ ತಾತ. ತೊಡೆಯ ಮೇಲಿದ್ದ ಬಿಡಿ ಹಾಳೆಗಳ ಕಟ್ಟಿನ ಅಂಚಿನಲ್ಲಿ ಅವರ ಹೆಬ್ಬೆರಳು ಮೇಲೆ ಕೆಳಗೆ ಓಡಾಡುತ್ತಿತ್ತು.

"ಎಲ್ಲಾ ನೇರ ಮಾಡಿದೀನಿ ತಾತ," ಎಂದಳು ಇಸ್ತ್ರಿ ಅಕ್ಕ, ಹೆಮ್ಮೆಯಿಂದಲೇ. "ಒಂದೇ ಒಂದು ಮಡಿಕೆ ಇಲ್ಲ. ಮುಟ್ಟಿ ನೋಡಿ."

ಅವಳಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಕಣ್ಣು ಕಾಣದವರಿಗೆ ಕಂಪ್ಯೂಟರು ಓದಿ ಹೇಳಲೆಂದು ಪುಸ್ತಕಗಳನ್ನು ಸ್ಕ್ಯಾನ್ ಮಾಡುವುದು ಆ ಪುಟ್ಟ ಕಚೇರಿಯ ಕೆಲಸ. ಪುಸ್ತಕದ ಬೆನ್ನು ಕತ್ತರಿಸಿ ಹಾಳೆ ಬಿಡಿಸಿಟ್ಟರೆ ಯಂತ್ರ ತಾನೇ ಒಂದೊಂದಾಗಿ ಎಳೆದುಕೊಳ್ಳುತ್ತದೆ. ಆದರೆ ಅದರ ಸೊಕ್ಕು ಹೇಳತೀರದು. ಒಂದು ಮೂಲೆ ಮಡಿಸಿದ್ದರೂ ಎರಡೆರಡು ಹಾಳೆ ನುಂಗಿ, ಕೆಮ್ಮಿ, ಮುನಿಸಿಕೊಂಡು ನಿಂತುಬಿಡುತ್ತದೆ. ಅದಕ್ಕೇ ಅವಳು ಮನೆಯಿಂದ ಹಳೆಯ ಇಸ್ತ್ರಿಪೆಟ್ಟಿಗೆ ತಂದಿಟ್ಟುಕೊಂಡು, ಮೇಲೊಂದು ತೆಳು ಬಟ್ಟೆ ಹಾಸಿ, ಹಾಳೆ ಹಾಳೆಗೂ ಹೊಸ ಅಂಗಿಯ ಉಪಚಾರ ಮಾಡುತ್ತಿದ್ದಳು.

ಹಲೋ ತಾತ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ನಿವೃತ್ತರಾದವರು. ಈಗಲೂ ಬಾಗಿಲಲ್ಲಿ ನಿಂತು ಗಟ್ಟಿಯಾಗಿ "ಹಲೋ" ಎಂದೇ ಒಳಗೆ ಬರುವವರು. ಹುಟ್ಟಿನಿಂದಲೂ ಕಣ್ಣಿಲ್ಲ. ಈ ದಪ್ಪ ಕಾದಂಬರಿಯನ್ನು ತಂದುಕೊಟ್ಟ ದಿನ, ಬೆನ್ನು ಕತ್ತರಿಸಬೇಕಾಗುತ್ತದೆ ಎಂದಾಗ, "ಕತ್ತರಿಸಮ್ಮ, ನನ್ನ ಬೆನ್ನೇನಲ್ಲವಲ್ಲ," ಎಂದು ನಕ್ಕಿದ್ದರು. ಇಂದು ನಗಲಿಲ್ಲ.

"ಆ ಮೂಲೆ ಮಡಿಸಿದ್ದು ನಮ್ಮನೆಯವಳು," ಎಂದರು. "ದಿನಾ ಮಲಗೋ ಮುಂಚೆ ನಂಗೆ ಓದಿ ಹೇಳೋಳು. ನಂಗೋ ಮಧ್ಯದಲ್ಲೇ ನಿದ್ದೆ. ನಾನು ಮಲಗಿದ್ದು ಗೊತ್ತಾದ್ರೂ ಬಿಡ್ತಿರ್ಲಿಲ್ಲ, ಇನ್ನೊಂದಿಷ್ಟು ಓದಿ, ಮೂಲೆ ಮಡಿಸಿ, ದೀಪ ಆರಿಸೋಳು. ಬೆಳಿಗ್ಗೆ ಎದ್ದ ಕೂಡ್ಲೇ ಶುರು. 'ನೀವು ಗೊರಕೆ ಹೊಡೆದಿದ್ದು ಅಲ್ಲಿ, ನಾನು ಬಾಯಿ ನೋಯಿಸ್ಕೊಂಡಿದ್ದು ಇಲ್ಲೀವರೆಗೆ' ಅಂತ. ಇದೊಂದೇ ಪುಸ್ತಕಾನ ಎಷ್ಟು ಸಲ ಓದಿದೀವೋ." ಅಂಚಿನ ಮೇಲೆ ಓಡುತ್ತಿದ್ದ ಹೆಬ್ಬೆರಳು ನಿಂತಿತು. "ಆವತ್ತು ಬೆಳಿಗ್ಗೆ ಅವಳು ಏಳ್ಲೇ ಇಲ್ಲಮ್ಮ. ಎಲ್ಲೀವರೆಗೆ ಓದಿದ್ಳು ಅಂತ ಹೇಳ್ಲೇ ಇಲ್ಲ."

ಇಸ್ತ್ರಿ ಅಕ್ಕನಿಗೆ ಮುಟ್ಟಿ ನೋಡಿ ಎಂದ ನಾಲಿಗೆಯನ್ನು ಕಚ್ಚಿಕೊಳ್ಳಬೇಕೆನಿಸಿತು. "ಯಾರ ಕೈಲಾದ್ರೂ ಓದಿಸ್ಬಹುದಿತ್ತಲ್ಲ ತಾತ?" ಎಂದಳು ಮೆಲ್ಲಗೆ.

"ಆ ಹಾಳೇಲಿ ಇನ್ನೊಬ್ಬರ ದನಿ ಬೇಡ ಅನ್ನಿಸ್ತು. ಕಂಪ್ಯೂಟರಾದ್ರೆ ಯಾರೂ ಅಲ್ವಲ್ಲ. ಆ ಮೂಲೆವರೆಗೆ ಕೇಳಿ ನಿಲ್ಲಿಸೋಣ ಅಂತ. ನಾನು ಮಲಗಿದ್ಮೇಲೆ ಏನು ಓದಿದ್ಳು ಅಂತ ಗೊತ್ತಾದ್ರೆ ಸಾಕಿತ್ತು."

"ನೀವು ಕೊನೇಗೆ ಕೇಳಿದ್ದು ನೆನಪಿದ್ಯಾ?"

"ದೋಣಿಯ ದೀಪ ಆರಿಹೋಗತ್ತಲ್ಲ, ಅಲ್ಲೀವರೆಗೆ."

ಅವಳು ಕಂಪ್ಯೂಟರಿನಲ್ಲಿ ಹುಡುಕಿದಳು. ದೋಣಿಯ ದೀಪ ಸಿಕ್ಕಿತು. ತಾತನ ತೊಡೆಯಿಂದ ಕಟ್ಟನ್ನು ತೆಗೆದುಕೊಂಡು, ಆ ಪುಟದ ಮುಂದಿನ ಹಾಳೆಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದಳು. ಮೂಲೆಯಲ್ಲೊಂದು ಸಣ್ಣ ಓರೆ ಗೆರೆ. ಮುಂದಿನದರಲ್ಲೂ ಇತ್ತು, ಅದರ ಮುಂದಿನದರಲ್ಲೂ. ಒಂದು ಸಂಸಾರದ ಅಷ್ಟೂ ರಾತ್ರಿಗಳು ಅಲ್ಲಿ ಮಡಿಸಿಕೊಂಡು ಬಿಚ್ಚಿಕೊಂಡಿದ್ದವು. ಅವುಗಳಲ್ಲಿ ಕೊನೆಯದನ್ನು ಬಿಚ್ಚಿದವಳು ತಾನು, ಯಾವುದನ್ನೆಂದು ತನಗೇ ನೆನಪಿಲ್ಲ.

"ಸಿಕ್ತಾಮ್ಮ?"

ಇಲ್ಲ ಎನ್ನಬೇಕಿತ್ತು. ಆದರೆ ಆಸೆಯಿಂದ ಮುಂದಕ್ಕೆ ಬಾಗಿದ್ದ ಆ ಮುಖ ನೋಡಿ ಅವಳಿಗೆ ಬಾಯಿ ಬರಲಿಲ್ಲ. ಹೆಂಡತಿ ಬಹಳ ಹೊತ್ತು ಓದಿದಳೆಂಬ ಸಮಾಧಾನವಾದರೂ ತಾತನಿಗಿರಲಿ ಪಾಪ, ಎಂದುಕೊಂಡು, ಸಾಕಷ್ಟು ಮುಂದಿನ ಹಾಳೆಯೊಂದನ್ನು ಆರಿಸಿ, ಮೂಲೆ ಮಡಿಸಿ, ಉಗುರಿನಿಂದ ತೀಡಿದಳು.

"ಸಿಕ್ತು ತಾತ. ಗೆರೆ ಚೆನ್ನಾಗಿ ಕಾಣ್ತಿದೆ. ಮೊದಲಿನ ಹಾಗೇ ಮಡಿಸಿದೀನಿ." ದೀಪ ಆರಿದ ಹಾಳೆಯಿಂದ ಆ ಮೂಲೆಯವರೆಗಿನ ಕಂತೆಯನ್ನು ಅವರ ಕೈಗಿಟ್ಟಳು.

ತಾತ ಅದನ್ನು ಬೆರಳುಗಳ ನಡುವೆ ಹಿಡಿದು ದಪ್ಪ ನೋಡಿದರು. "ಇಷ್ಟು ದೂರಾನಾ!" ಎಂದರು. ಮುಖ ಅರಳಿತು. ಮತ್ತೊಮ್ಮೆ ದಪ್ಪ ನೋಡಿದರು. ಅರಳಿದ್ದು ಹಾಗೆಯೇ ಬಾಡಿಹೋಯಿತು.

"ಇಷ್ಟು ಹೊತ್ತು ಅವಳು ಯಾವತ್ತೂ ಓದಿದವಳಲ್ಲ," ಎಂದರು. "ಏನೋ ಸಂಕಟ ಆಗ್ತಿತ್ತು ಅವಳಿಗೆ. ಕರೆಯೋಕೆ ಮನಸ್ಸಾಗದೆ, ದನಿ ಕೇಳಿ ನಾನೇ ಏಳ್ತೀನೇನೋ ಅಂತ ಓದ್ತಾನೇ ಇದ್ದಾಳೆ. ನಾನು ಪಕ್ಕದಲ್ಲೇ ಗೊರಕೆ ಹೊಡೀತಾ ಬಿದ್ದಿದ್ದೆ."

"ಇಲ್ಲ ತಾತ! ಆ ಮೂಲೆ ನಾನೇ ಸುಮ್ನೆ ಮಡಿಸಿದ್ದು. ಎಲ್ಲಿತ್ತೋ ನಂಗೊತ್ತಿಲ್ಲ. ದೇವರಾಣೆಗೂ ಗೊತ್ತಿಲ್ಲ!"

ತಾತ ಅವಳ ದನಿ ಬಂದ ಕಡೆ ಕೈ ಚಾಚಿ, ಮುಂಗೈ ಸಿಕ್ಕಾಗ ಮೆಲ್ಲಗೆ ತಟ್ಟಿದರು. "ಒಳ್ಳೆಯವಳಮ್ಮ ನೀನು. ಸಮಾಧಾನ ಮಾಡೋಕೆ ಸುಳ್ಳು ಹೇಳ್ಬೇಡ."

ಅವಳು ಮತ್ತೆ ಮತ್ತೆ ಹೇಳಿದಳು, ಅತ್ತುಕೊಂಡೇ ಹೇಳಿದಳು. ಅತ್ತಷ್ಟೂ ಅವರು ಅವಳನ್ನೇ ಸಂತೈಸಿದರು.

"ಹಾಕಮ್ಮ," ಎಂದರು ಕೊನೆಗೆ. "ದೀಪ ಆರಿದ ಕಡೆಯಿಂದ. ಮೂಲೆ ಬಂದಾಗ ನಿಲ್ಲಿಸು."

ಕಂಪ್ಯೂಟರು ಏರಿಳಿತವಿಲ್ಲದ ದನಿಯಲ್ಲಿ ಓದತೊಡಗಿತು. ತಾತ ಕುರ್ಚಿಯ ತುದಿಗೆ ಬಂದು, ಬೆನ್ನು ನೆಟ್ಟಗೆ ಮಾಡಿ ಕುಳಿತರು. ಹೆಬ್ಬೆರಳು ಮಡಿಸಿದ ಮೂಲೆಯ ಮೇಲಿತ್ತು. ಇಸ್ತ್ರಿ ಅಕ್ಕ ನಿಲ್ಲಿಸುವ ಗುಂಡಿಯ ಮೇಲೆ ಬೆರಳಿಟ್ಟು, ತಾನೇ ಆರಿಸಿದ ಆ ಪುಟ ಬರುವುದನ್ನು ಕಾಯುತ್ತ ನಿಂತಳು.