ಮೂವರೇ ಸಾಕೆಂದ ರಿಲೇ

ಅಕ್ರಾದ ಕೂಟದಲ್ಲಿ ನಾವು ನಾಲ್ವರು ಹುಡುಗಿಯರು ರಿಲೇ ಓಡಿ ಮುಗಿಸಿದಾಗ, ವಿಶ್ವ ಕ್ರೀಡಾಕೂಟದ ಅರ್ಹತೆಗೆ ಬೇಕಾದದ್ದಕ್ಕಿಂತ ಒಂದು ಸೆಕೆಂಡಿನ ನೂರರಲ್ಲಿ ಮೂರು ಪಾಲಷ್ಟೇ ಮುಂದಿದ್ದೆವು. ಆ ಮೂರು ಪಾಲು ನಮ್ಮ ಮೊದಲ ಓಟಗಾರ್ತಿ ಕುಂಬಾಳದು. ತಂಜಿಯ ಕಡಲ ದಂಡೆಯಲ್ಲಿ ತಾಯಿಯ ಜೊತೆ ಮೀನನ್ನು ಹೊಗೆಗಿಟ್ಟು ಒಣಗಿಸುವ ಆ ಹುಡುಗಿ, ಪಿಸ್ತೂಲಿನ ಸದ್ದಿಗೆ ಚಿಮ್ಮುವ ಹಾಗೆ ಗ್ಯಾಂಬಿಯಾದಲ್ಲಿ ಇನ್ಯಾರೂ ಚಿಮ್ಮುವುದನ್ನು ನಾನು ಕಂಡಿಲ್ಲ.

ಮೂರು ವಾರದ ನಂತರ ಆಯ್ಕೆ ಸಮಿತಿ ಕಚೇರಿಯ ಬಾಗಿಲಿಗೆ ಪಟ್ಟಿ ಅಂಟಿಸಿದರು. ಹದಿನೈದು ಹೆಸರು. ಅದರಲ್ಲಿ ಆಟಗಾರರು ಆರೇ ಜನ. ರಿಲೇಗೆ ಫೆಂಡಾ, ನೀಮಾ, ನಾನು. ಕುಂಬಾ ಇರಲಿಲ್ಲ. ತಂಡದ ಮಾಲೀಸು ಮಾಡುವವರೆಂದು ಕಾರ್ಯದರ್ಶಿ ಬಕಾರಿಯವರ ಭಾವಮೈದುನನ ಹೆಸರಿತ್ತು. ಆತ ಬ್ರಿಕಾಮಾದಲ್ಲಿ ಸಿಮೆಂಟು ಮಾರುತ್ತಾನೆ.

ನಾಲ್ವರೂ ಒಳಗೆ ನುಗ್ಗಿದೆವು. ಕಾರ್ಯದರ್ಶಿ ಚಹಾ ಹೀರುತ್ತಿದ್ದರು.

"ಅಂಕಲ್, ಕುಂಬಾ ಹೆಸರು ಬಿಟ್ಟೋಗಿದೆ," ಎಂದಳು ನಮ್ಮ ನಾಯಕಿ ಫೆಂಡಾ.

"ಬಿಟ್ಟೋಗಿಲ್ಲ ಮಗಳೇ, ಬಿಟ್ಟಿದ್ದೀವಿ. ವಿಮಾನದಲ್ಲಿ ಸೀಟಿಲ್ಲ."

"ರಿಲೇಗೆ ನಾಲ್ಕು ಜನ ಬೇಕಲ್ಲ!"

"ಲಾಂಗ್ ಜಂಪ್ ಹುಡುಗಿ ಬರ್ತಿದಾಳೆ, ಅವಳನ್ನೇ ಓಡಿಸಿ. ನೂರು ಮೀಟರ್ ತಾನೇ?"

ನೀಮಾ ತಡೆಯಲಾರದೆ ಕೇಳಿದಳು: "ಸಿಮೆಂಟ್ ಹೊತ್ತ ಕೈಲಿ ಯಾರ ಕಾಲು ತಿಕ್ಕಿಸ್ತೀರಿ ಅಂಕಲ್?"

"ನಾಲಿಗೆ ಬಿಗಿಹಿಡಿ. ವಿಮಾನ ಹತ್ತಿಸೋನೂ ನಾನೇ, ಇಳಿಸೋನೂ ನಾನೇ!"

ಹೊರಗೆ ಬಂದ ಮೇಲೆ ಕುಂಬಾ, "ನೀವು ಹೋಗ್ರೇ. ನನಗೆ ಮೀನಿನ ಕೆಲಸ ಬೇಕಾದಷ್ಟಿದೆ," ಎಂದಳು. ನಮ್ಮ ಮುಖ ನೋಡಲಿಲ್ಲ.

ಬೀಳ್ಕೊಡುಗೆಯ ದಿನ ರೇಡಿಯೋದವರು ಫೆಂಡಾಳ ಬಾಯಿಗೆ ಮೈಕು ಹಿಡಿದರು. ಅವಳು ತಡವರಿಸದೆ ಹೇಳಿದಳು: "ನಾಲ್ಕು ಜನ ಗೆದ್ದಿದ್ದನ್ನ ಮೂರು ಜನ ಓಡಕ್ಕಾಗಲ್ಲ. ಕುಂಬಾ ಜಾಗದಲ್ಲಿ ಅಂಕಲ್ಲೇ ಓಡ್ಲಿ." ಸಮಿತಿ ಕೊಟ್ಟಿದ್ದ ಉಡುಪನ್ನು ಮಡಚಿ ಮೇಜಿನ ಮೇಲಿಟ್ಟಳು. ನೀಮಾ ಇಟ್ಟಳು. ನಾನೂ ಇಟ್ಟೆ. ಅಮ್ಮ ಆಗಲೇ ಕೇರಿಯವರಿಗೆಲ್ಲ ಅನ್ನ ಮೀನು ಬಡಿಸಿ ನನಗಾಗಿ ಪ್ರಾರ್ಥನೆ ಮಾಡಿಸಿದ್ದಳು.

ಜನ ನಾಲ್ಕು ದಿನ ರೇಡಿಯೋಗೆ ಫೋನು ಮಾಡಿ ಸಮಿತಿಗೆ ಉಗಿದರು. ಸಮಿತಿ ನಮ್ಮನ್ನು ದೇಶದ್ರೋಹಿಗಳೆಂದು ಕರೆದು ಎರಡು ವರ್ಷ ನಿಷೇಧಿಸಿತು. ವಿಮಾನ ಹೊರಟಿತು: ಮೂವರು ಆಟಗಾರರು, ಒಂಬತ್ತು ದೊಡ್ಡವರು.

ರಿಲೇಯ ಮಧ್ಯಾಹ್ನ ಕುಂಬಾಳ ಮನೆಯಲ್ಲಿ ಟಿವಿಯ ಮುಂದೆ ಕೂತಿದ್ದೆವು. ಐದನೆಯ ಲೇನಿನ ಮೇಲೆ ನಮ್ಮ ದೇಶದ ಹೆಸರು ಬಂತು. ಲೇನು ಖಾಲಿ. ಉಳಿದವರು ಓಡಿಹೋದರು.

ಕುಂಬಾ ಸಿಡಿದಳು. "ನಾನು ಕೇಳಿದ್ನಾ ನಿಮ್ಮನ್ನ? ಹೋಗಿ ಓಡ್ಬೇಕಿತ್ತು ಕಣ್ರೇ! ಈಗ ನನ್ನಿಂದ ನಿಮಗೂ ಓಡೋದು ತಪ್ಪಿತು ಅಂತ ಜೀವಮಾನವಿಡೀ ಅನ್ನಿಸ್ಕೋಬೇಕಾ ನಾನು?"

"ನಿನ್ನಿಂದಲ್ಲ," ಎಂದಳು ಫೆಂಡಾ. "ಯಾರಿಂದ ಅಂತ ಸರಿಯಾಗಿ ಹೇಳು."

ಕುಂಬಾ ಬಹಳ ಹೊತ್ತು ಅತ್ತಳು. ಆಮೇಲೆ ಬಕಾರಿಯ ಹೆಸರನ್ನು ಹೇಳಿದಳು, ಬೀದಿಗೆ ಕೇಳುವಷ್ಟು ಗಟ್ಟಿಯಾಗಿ.