ಗಂಟಲಿನ ಗರಗಸ

ಟಿವಿಯಲ್ಲಿ ಅಧಿಕಾರವಿರುವ ಹೆಂಗಸಿಗೆ ಹುಬ್ಬು ಮೇಲಿರಬೇಕು, ದನಿ ಕೆಳಗಿರಬೇಕು. ಹುಬ್ಬಿನ ಕೆಲಸ ನಟಿಯದು. ದನಿಯ ಕೆಲಸ ಕಂಠಕ್ಕನದು. ಡಬ್ಬಿಂಗ್ ಸ್ಟುಡಿಯೋದಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದುದೇ ಹಾಗೆ. ಧಾರಾವಾಹಿಯ ಕಾರ್ಖಾನೆ ಒಡತಿಗಾಗಿ ಅವಳು ವರ್ಷಗಟ್ಟಲೆ ಗಂಟಲಲ್ಲಿ ಗರಗಸ ಇಟ್ಟುಕೊಂಡು ಮಾತಾಡಿದ್ದಳು. ಒಡತಿ ‘ನೀರು ತಗೊಂಡು ಬಾ’ ಅಂದರೂ ಲೋಟಕ್ಕೆ ವಿಷ ಬಿದ್ದಂತೆ ಕೇಳಬೇಕು. ಮೇಲಿಂದ ‘ಢಣ್’ ಅಂತ ಒಂದು ಸದ್ದು ಬೇರೆ.

ಈಗ ಡಬ್ಬಿಂಗ್ ನಿರ್ದೇಶಕರು ಕೆಲಸ ಬಿಡುತ್ತಿದ್ದರು. ಆ ಕುರ್ಚಿ ತನಗೆ ಬೇಕೆಂದು ಕಂಠಕ್ಕ ನೇರವಾಗಿ ಕೇಳಿದಳು. ಸ್ಟುಡಿಯೋ ಯಜಮಾನರು ತಲೆ ಕೆರೆದುಕೊಂಡರು.

“ಕೆಲಸ ಬರುತ್ತಮ್ಮ ನಿಂಗೆ, ಅದಲ್ಲ. ನೀನು ಏನು ಹೇಳಿದ್ರೂ ಒಡತಿ ಬಂದ ಹಾಗಿರುತ್ತೆ. ಯಾರು ಕೇಳ್ತಾರೆ?”

“ಮನೆಮನೇಲೂ ಕೇಳ್ತಿದಾರಲ್ಲ ಸರ್, ದಿನಾ ಅರ್ಧ ಗಂಟೆ!”

ಅವರಿಗೆ ನಗು ಬಂತು. “ಆಯ್ತು, ಇವತ್ತಿನ ಕೆಲಸ ನೀನೇ ನಡೆಸು. ನೋಡೇಬಿಡೋಣ.”

ಕಂಠಕ್ಕ ಒಳಕೋಣೆಯಲ್ಲಿ ನಿರ್ದೇಶಕರ ಕುರ್ಚಿಯಲ್ಲಿ ಕೂತಳು. ಗಾಜಿನಾಚೆ, ಮೈಕಿನ ಮುಂದೆ, ಹೀರೋಗೆ ದನಿ ಕೊಡುವವನು ನಿಂತಿದ್ದ. ತೆರೆಯ ಮೇಲೆ ತುಟಿ ಮುಚ್ಚಿದ ಮೇಲೂ ಅವನ ಮಾತು ಓಡುತ್ತಿತ್ತು. ಕಂಠಕ್ಕ ಗುಂಡಿ ಒತ್ತಿ ಅವನ ಸ್ಪೀಕರಿಗೆ ಹೇಳಿದಳು: “ತುಟಿ ಕೂಡ್ತಿಲ್ಲಪ್ಪ, ಇನ್ನೊಂದು ಟೇಕ್.”

“ಅಯ್ಯಯ್ಯೋ, ಒಡತಿ ಬಂದ್ಲು!” ಅವನು ಎದೆ ಹಿಡಿದುಕೊಂಡ. “ಸೀರಿಯಲ್‌ನಿಂದ ಇಳಿದು ಬನ್ನಿ ಅಕ್ಕಾ. ಚೆನ್ನಾಗೇ ಇದೆ, ಬಿಡಿ.”

ಬಾಗಿಲಲ್ಲಿದ್ದ ಯಜಮಾನರು ‘ನಾ ಹೇಳಲಿಲ್ವಾ’ ಎಂಬಂತೆ ಕೈ ತಿರುವಿದರು.

ಕೂಗಿದರೆ ಒಡತಿ, ಸುಮ್ಮನಾದರೆ ಅಳುಬುರುಕಿ ಸೊಸೆ. ಟಿವಿ ತೆರೆದಿಟ್ಟದ್ದು ಇವೆರಡೇ ಬಾಗಿಲು. ಕಂಠಕ್ಕ ದೀಪದ ಸ್ವಿಚ್ಚಿಗೆ ಕೈ ಹಾಕಿದಳು. ಅವಳ ಕೋಣೆ ಕತ್ತಲಾಯಿತು. ಆಚೆಯವನಿಗೆ ಗಾಜು ಬರೀ ಕಪ್ಪು. ಗುಂಡಿ ಒತ್ತಿ, ನಿರ್ದೇಶಕರ ಕೆಮ್ಮನ್ನು ಒಮ್ಮೆ ಕೆಮ್ಮಿ, ಅವರದೇ ಮೂಗುದನಿಯಲ್ಲಿ ಹೇಳಿದಳು: “ತುಟಿ ಕೂಡ್ತಿಲ್ಲಪ್ಪ, ಇನ್ನೊಂದು ಟೇಕ್.”

“ಓ, ಬಂದ್ರಾ ಸರ್! ಹೌದು ಸರ್, ನಂಗೂ ಹಾಗೇ ಅನ್ನಿಸ್ತು ಸರ್!”

ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಟೇಕ್ ಮುಗಿಯಿತು. ಅವಳು ದೀಪ ಹಾಕಿದಳು. ಕುರ್ಚಿಯಲ್ಲಿದ್ದವಳನ್ನು ನೋಡಿ ಹೀರೋ ದನಿಯವನ ಬಾಯಿ ತೆರೆದೇ ಉಳಿಯಿತು. ಈಗ ತುಟಿಯಿತ್ತು, ಮಾತಿರಲಿಲ್ಲ.

ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಶಭಾಷ್! ಕುರ್ಚಿ ನಿಂದೇ ಕಣಮ್ಮ. ಇನ್ಮೇಲೆ ಹೀಗೇ ಅವರ ದನೀಲೇ ನಡೆಸಿಬಿಡು.”

“ಆಗಲ್ಲ ಸರ್. ಕುರ್ಚಿ ನಂದಾದ್ರೆ ದನೀನೂ ನಂದೇ. ಎರಡು ಸಲಾನೂ ಹೇಳಿದ್ದು ಅದೇ ಮಾತು, ಕೇಳಿಸ್ಕೊಂಡ್ರಲ್ಲ?”

ಯಜಮಾನರ ನಗು ಅರ್ಧಕ್ಕೇ ನಿಂತಿತು. ಅವಳು ಉತ್ತರಕ್ಕೆ ಕಾಯದೆ ಗುಂಡಿ ಒತ್ತಿದಳು. ಮನೆಯಲ್ಲಿ ‘ಹಾಲು ಉಕ್ಕುತ್ತೆ, ನೋಡ್ರಿ’ ಎಂದು ಗಂಡನಿಗೆ ಹೇಳುವ ಸಾದಾ ದನಿ: “ಮುಂದಿನ ದೃಶ್ಯ. ಉಸಿರು ಎಳ್ಕೊಂಡೇ ಶುರುಮಾಡು.”

ಗಾಜಿನಾಚೆಯವನು ಗಂಟಲು ಸರಿಮಾಡಿಕೊಂಡ. “ಸರಿ... ಅಕ್ಕಾ.”

ಆಮೇಲೆ ಮೈಕಿನ ಸರದಿ ಅವಳದು. ಒಡತಿಯ ಸಾಲು: “ಬಾಯ್ಲರ್ ರಿಪೇರಿ ಆಗೋವರೆಗೆ ಯಾರೂ ಒಳಗೆ ಹೋಗೋ ಹಾಗಿಲ್ಲ.” ಇಷ್ಟು ದಿನ ಇಂಥದಕ್ಕೂ ವಿಷ ಬೆರೆಸುತ್ತಿದ್ದಳು. ಜನರ ಜೀವ ಉಳಿಸುವ ಮಾತಿಗೆ ವಿಷ ಯಾಕೆ? ಗರಗಸ ಕೆಳಗಿಟ್ಟು, ಹಾಲಿನ ದನಿಯಲ್ಲೇ ಹೇಳಿದಳು.

ಸ್ಪೀಕರಿನಲ್ಲಿ ಯಜಮಾನರ ದನಿ ತುಸು ಮೆತ್ತಗೆ ಬಂತು: “ಇದರಲ್ಲಿ ‘ಢಣ್’ ಎಲ್ಲಿ ಹಾಕ್ಸೋಣಮ್ಮ?”

“ಬೇಡ ಸರ್. ಒಡತಿ ಮಾತು ಕೇಳದೆ ಒಳಗೆ ಹೋದ್ರೆ, ಬಾಯ್ಲರೇ ಹಾಕುತ್ತೆ.”